ಊರು ಬೆಳೆದಂತೆ ಹೊಡೆದಾಟ, ಕೊಲೆಗಳೂ ಜಾಸ್ತಿ ಆಗಿವೆಯಾ? ನೀವೇ ಲೆಕ್ಕ ಹಾಕಿ ನೋಡುವ ಬಗೆ

"ಮೊದಲು ಹೀಗಿರಲಿಲ್ಲ." ಬೆಳೆಯುತ್ತಿರುವ ಯಾವ ಸಣ್ಣ ಊರಿಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ಒಂದು ಕೊಲೆ ಆಗುತ್ತದೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಇನ್ನೊಂದು. ಜನ ಬಾಗಿಲಿಗೆ ಎರಡನೇ ಚಿಲಕ ಹಾಕಿಸುತ್ತಾರೆ. ಸಂಜೆ ಹೊತ್ತು ಮಗಳನ್ನು ಒಬ್ಬಳನ್ನೇ ಹೊರಗೆ ಬಿಡುವುದಿಲ್ಲ. ಹೊಸದಾಗಿ ಬಂದು ನೆಲೆಸಿದವರ ಕಡೆ ಬೆರಳು ಹೋಗುತ್ತದೆ.

ಆ ಮಾತು ನಿಜವಾ ಅಂತ ನೋಡಲು ದೊಡ್ಡ ಓದೇನೂ ಬೇಕಿಲ್ಲ. ಒಂದು ನೋಟ್‌ಬುಕ್, ಒಂದು ಕ್ಯಾಲ್ಕುಲೇಟರ್, ನಾಲ್ಕೈದು ರಜಾದಿನ ಸಾಕು. ತಾಳ್ಮೆ ಮಾತ್ರ ಸ್ವಲ್ಪ ಜಾಸ್ತಿ ಬೇಕು.

ನಾನು 19 ವರ್ಷ ಒಂದು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ನೋಂದಣಿ ಮೇಜಿನ ಹಿಂದೆ ಕೂತವಳು. ಬಂದವರ ಹೆಸರು, ವಯಸ್ಸು, ಬಂದ ಹೊತ್ತು, ಗಾಯ ಹೇಗಾಯಿತು, ಇಷ್ಟನ್ನು ಬರೆದುಕೊಳ್ಳುವುದು ನನ್ನ ಕೆಲಸ. ಆ ಪುಸ್ತಕ ತುಂಬಿಸುತ್ತಲೇ ಈ ಲೆಕ್ಕದ ಹುಚ್ಚು ಹತ್ತಿತು. ಒಮ್ಮೆ ತಪ್ಪು ಲೆಕ್ಕ ಹೇಳಿ ಜನರನ್ನು ಹೆದರಿಸಿದ್ದೇನೆ. ಅದನ್ನೂ ಇಲ್ಲಿ ಹೇಳುತ್ತೇನೆ, ಯಾಕೆಂದರೆ ತುಂಬಾ ಜನ ಎಡವುವುದು ಅಲ್ಲೇ.

ಏನನ್ನು ಎಣಿಸುತ್ತೀರಿ? ಮೊದಲ ಪುಟದಲ್ಲೇ ಬರೆಯಿರಿ

"ಕ್ರೈಮ್ ಜಾಸ್ತಿ ಆಗಿದೆ" ಅಂತ ಜನ ಹೇಳುವಾಗ ಒಬ್ಬರ ತಲೆಯಲ್ಲಿ ಕೊಲೆ ಇರುತ್ತದೆ, ಇನ್ನೊಬ್ಬರ ತಲೆಯಲ್ಲಿ ಬೈಕ್ ಕಳ್ಳತನ ಇರುತ್ತದೆ. ಎರಡನ್ನೂ ಒಂದೇ ಚೀಲಕ್ಕೆ ಹಾಕಬೇಡಿ. ಹಿಂಸೆಯ ಲೆಕ್ಕಕ್ಕೆ ಕೊಲೆ, ಕೊಲೆ ಯತ್ನ, ಗಂಭೀರ ಹಲ್ಲೆ, ಸುಲಿಗೆ, ದರೋಡೆ, ಅತ್ಯಾಚಾರ ಇಷ್ಟು ಸಾಕು. ಪ್ರತಿಯೊಂದಕ್ಕೂ ಬೇರೆ ಬೇರೆ ಕಾಲಂ ಇರಲಿ. ಕಳ್ಳತನ, ಮೋಸ ಈ ಪುಸ್ತಕಕ್ಕೆ ಬರುವುದು ಬೇಡ. ಒಮ್ಮೆ ಬರೆದ ಮೇಲೆ ನಡುವೆ ಬದಲಿಸಬೇಡಿ.

ಇನ್ನೊಂದು ಮಾತು. ಘಟನೆಗೆ ಒಂದು ಕಾಲಂ, ಗಾಯಗೊಂಡವರ ಅಥವಾ ಸತ್ತವರ ಸಂಖ್ಯೆಗೆ ಇನ್ನೊಂದು ಕಾಲಂ ಹಾಕಿ. ಒಂದೇ ಮನೆಯಲ್ಲಿ ಒಂದೇ ರಾತ್ರಿ ಮೂರು ಜನ ಸತ್ತರೆ ಅದು ಮೂರು ಸಾವು, ಆದರೆ ಒಂದೇ ಘಟನೆ. ಸಣ್ಣ ಊರಿನ ಲೆಕ್ಕದಲ್ಲಿ ಇಂಥ ಒಂದು ರಾತ್ರಿ ಇಡೀ ವರ್ಷದ ಚಿತ್ರವನ್ನೇ ಬದಲಿಸಿಬಿಡುತ್ತದೆ.

ಕೊಲೆಯ ಲೆಕ್ಕವನ್ನು ಹೆಚ್ಚು ಕಡಿಮೆ ನಂಬಬಹುದು. ಹೆಣ ಸಿಕ್ಕ ಮೇಲೆ ಮುಚ್ಚಿಡುವುದು ಕಷ್ಟ. ಆದರೆ ಸಣ್ಣ ಊರಿನಲ್ಲಿ ಆ ಸಂಖ್ಯೆ ತೀರಾ ಚಿಕ್ಕದು. ಹಲ್ಲೆಯ ಸಂಖ್ಯೆ ದೊಡ್ಡದಿರುತ್ತದೆ, ಆದರೆ ಎಷ್ಟು ಜನ ದೂರು ಕೊಟ್ಟರು, ಠಾಣೆಯಲ್ಲಿ ಎಷ್ಟನ್ನು ಬರೆದುಕೊಂಡರು ಅನ್ನುವುದರ ಮೇಲೆ ಅದು ಕುಣಿಯುತ್ತದೆ. ನಂಬಬಹುದಾದ ಸಂಖ್ಯೆ ಚಿಕ್ಕದು, ದೊಡ್ಡ ಸಂಖ್ಯೆಯನ್ನು ನಂಬುವುದು ಕಷ್ಟ. ಹಾಗಾಗಿ ಎರಡನ್ನೂ ಇಟ್ಟುಕೊಂಡು ನೋಡಬೇಕು.

ಸಂಖ್ಯೆಗಳನ್ನು ಪೊಲೀಸ್ ಇಲಾಖೆಯ ವಾರ್ಷಿಕ ಲೆಕ್ಕದಿಂದ ತೆಗೆದುಕೊಳ್ಳಿ. ಪ್ರಕಟವಾಗಿಲ್ಲದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಭಾರತದಲ್ಲಿ ಆ ಕಾಯ್ದೆ 2005ರಿಂದ ಇದೆ, ಬೇರೆ ಎಷ್ಟೋ ದೇಶಗಳಲ್ಲೂ ಅಂಥದ್ದೇ ಕಾನೂನು ಇದೆ. ಕನಿಷ್ಠ 10 ವರ್ಷದ ಲೆಕ್ಕ ಕೇಳಿ. ವರ್ಷದ ಒಟ್ಟು ಮಾತ್ರ ಸಾಲದು, ತಿಂಗಳವಾರು ಕೇಳಿ. ಸುದ್ದಿಯ ಕತ್ತರಿಕೆಗಳನ್ನು ಎಣಿಸಿ ಲೆಕ್ಕ ಮಾಡಬೇಡಿ. ಒಂದೇ ಕೊಲೆ ನಡೆದಾಗ ಒಮ್ಮೆ, ಆರೋಪಿ ಸಿಕ್ಕಾಗ ಒಮ್ಮೆ, ತೀರ್ಪು ಬಂದಾಗ ಒಮ್ಮೆ ಸುದ್ದಿಯಾಗುತ್ತದೆ. ಓದುವವರ ಮನಸ್ಸಿನಲ್ಲಿ ಅದು ಮೂರು ಕೊಲೆಯಾಗಿ ಉಳಿದುಬಿಡುತ್ತದೆ.

30 ಸಲ ದಾಳ ಹಾಕಿ

ಈ ಬರಹದಲ್ಲಿ ಒಂದನ್ನೇ ಮಾಡುತ್ತೀರಿ ಅಂದರೆ ಇದನ್ನು ಮಾಡಿ. ಓದಿ ಮುಂದೆ ಹೋಗಬೇಡಿ, ನಿಜವಾಗಿಯೂ ಒಂದು ದಾಳ ತೆಗೆದುಕೊಳ್ಳಿ.

ಒಂದು ಹಾಳೆಯಲ್ಲಿ ಆರು ಮನೆ ಬರೆಯಿರಿ. ಒಂದೊಂದೂ ಒಂದೊಂದು ವರ್ಷ. ದಾಳ 30 ಸಲ ಹಾಕಿ. ಎಷ್ಟು ಬೀಳುತ್ತದೋ ಆ ವರ್ಷದ ಮನೆಯಲ್ಲಿ ಒಂದು ಗೀಟು ಎಳೆಯಿರಿ. ಪ್ರತಿ ಗೀಟೂ ಒಂದು ಗಂಭೀರ ಹಲ್ಲೆ ಅಂದುಕೊಳ್ಳಿ. ಆರು ವರ್ಷಕ್ಕೆ 30 ಅಂದರೆ ವರ್ಷಕ್ಕೆ ಐದೈದು ಬರಬೇಕಲ್ವಾ? ನಾನು ಹಾಕಿದಾಗ ಒಮ್ಮೆ ಹೀಗೆ ಬಂತು: 3, 7, 5, 8, 2, 5.

ಈ ಸಾಲನ್ನು ಒಂದು ಊರಿನ ಲೆಕ್ಕ ಅಂತ ಓದಿ ನೋಡಿ. ಎರಡನೇ ವರ್ಷ ಹಲ್ಲೆ "ಎರಡು ಪಟ್ಟಿಗಿಂತ ಜಾಸ್ತಿ" ಆಯಿತು. ನಾಲ್ಕನೇ ವರ್ಷ "ದಾಖಲೆ" ಮುರಿಯಿತು. ಹೊಸ ಅಧಿಕಾರಿ ಬಂದರು, ಐದನೇ ವರ್ಷ "ಮುಕ್ಕಾಲು ಪಾಲು ಇಳಿಯಿತು". ಒಂದೊಂದಕ್ಕೂ ಒಂದು ಕಥೆ ಕಟ್ಟಬಹುದು. ಆದರೆ ಅಲ್ಲಿ ನಡೆದದ್ದು ಇಷ್ಟೇ, ದಾಳ ಉರುಳಿತು.

ಲಾಡಿಸ್ಲಾಸ್ ಬೋರ್ಟ್‌ಕೀವಿಚ್ ಅನ್ನುವ ಲೆಕ್ಕಿಗ 1898ರಲ್ಲಿ ಇದನ್ನು ನಿಜವಾದ ಸಾವುಗಳ ಮೇಲೆ ತೋರಿಸಿದ. ಆಗಿನ ಜರ್ಮನಿಯ ಪ್ರಷ್ಯಾ ರಾಜ್ಯದ ಸೈನ್ಯದಲ್ಲಿ ಕುದುರೆ ಒದ್ದು ಸತ್ತವರ ಲೆಕ್ಕ ಅದು. ಅದರಲ್ಲಿ ಹೆಸರಾದ ಪಟ್ಟಿ 10 ದಳಗಳದ್ದು, 20 ವರ್ಷಗಳದ್ದು. ಅಂದರೆ ಒಟ್ಟು 200 ಮನೆ, 122 ಸಾವು. 109 ಮನೆಗಳಲ್ಲಿ ಒಂದೂ ಸಾವಿಲ್ಲ. 65ರಲ್ಲಿ ಒಂದೊಂದು, 22ರಲ್ಲಿ ಎರಡೆರಡು, 3ರಲ್ಲಿ ಮೂರು ಮೂರು. ಒಂದೇ ಒಂದು ಮನೆಯಲ್ಲಿ ನಾಲ್ಕು. ಆ ನಾಲ್ಕು ಸಾವಿನ ದಳಕ್ಕೆ ಕೆಟ್ಟ ಕುದುರೆಗಳು ಬಂದಿದ್ದವು ಅಂತ ಹೇಳಲು ಕಾರಣವೇ ಇಲ್ಲ. ಸುಮ್ನೆ ಹಂಚಿಹೋದರೆ ಎಷ್ಟೆಷ್ಟು ಬೀಳಬೇಕೋ ಹತ್ತಿರ ಹತ್ತಿರ ಅಷ್ಟೇ ಬಿದ್ದಿತ್ತು.

ಇದರಿಂದ ಒಂದು ಅಳತೆಗೋಲು ಸಿಗುತ್ತದೆ. ಸಂಖ್ಯೆಯ ವರ್ಗಮೂಲ ತೆಗೆಯಿರಿ, ಎರಡರಿಂದ ಗುಣಿಸಿ. ವರ್ಷಕ್ಕೆ ಸುಮಾರು 9 ಹಲ್ಲೆ ಆಗುವ ಊರಿನಲ್ಲಿ ವರ್ಗಮೂಲ 3, ಅದರ ಎರಡು ಪಟ್ಟು 6. ಅಂದರೆ ಏನೂ ಬದಲಾಗದಿದ್ದರೂ ಒಂದು ವರ್ಷ 3, ಇನ್ನೊಂದು ವರ್ಷ 15 ಬರಬಹುದು. ಎರಡು ವರ್ಷಗಳನ್ನು ಹೋಲಿಸಬೇಕಾದರೆ ಎರಡನ್ನೂ ಕೂಡಿಸಿ ವರ್ಗಮೂಲ ತೆಗೆಯಿರಿ. ಹೋದ ವರ್ಷ 6, ಈ ವರ್ಷ 11 ಅಂದುಕೊಳ್ಳಿ. ಕೂಡಿದರೆ 17, ವರ್ಗಮೂಲ 4ಕ್ಕಿಂತ ಸ್ವಲ್ಪ ಜಾಸ್ತಿ, ಎರಡು ಪಟ್ಟು ಅಂದರೆ 8ರ ಮೇಲೆ. ನಿಮ್ಮ ವ್ಯತ್ಯಾಸ ಬರೀ 5. ಹಾಗಾಗಿ "ಏರಿದೆ" ಅಂತ ಗಟ್ಟಿಯಾಗಿ ಹೇಳುವ ಹಾಗಿಲ್ಲ.

ಹಿಂಸೆ ದಾಳಕ್ಕಿಂತ ಇನ್ನೂ ಜಾಸ್ತಿ ಜಿಗಿಯುತ್ತದೆ. ಒಂದು ಹಳೇ ದ್ವೇಷ ಇದ್ದರೆ ಒಂದು ಹಲ್ಲೆ ಇನ್ನೊಂದನ್ನು ಎಳೆದು ತರುತ್ತದೆ. ಹಾಗಾಗಿ ಈ ಅಳತೆಗೋಲನ್ನು ಸ್ವಲ್ಪವೇ ದಾಟಿದರೆ ಅದನ್ನೂ ಏರಿಕೆ ಅಂತ ಗಟ್ಟಿಯಾಗಿ ಹೇಳುವ ಹಾಗಿಲ್ಲ ಅಂತ ನೆನಪಿರಲಿ. ಒಂದೊಂದು ವರ್ಷ ನೋಡುವುದನ್ನೇ ಬಿಟ್ಟು ಮೂರು ಮೂರು ವರ್ಷ ಒಟ್ಟು ಮಾಡಿ ನೋಡಿದರೆ ಒಳ್ಳೆಯದು.

ನೀವು ಲೆಕ್ಕಕ್ಕೆ ಕೂತದ್ದು ಯಾವಾಗ ಅನ್ನುವುದನ್ನೂ ಕೇಳಿಕೊಳ್ಳಿ. ಕೆಟ್ಟ ವರ್ಷ ಬಂತು ಅಂತಲೇ ಕೂತಿರುತ್ತೀರಿ. ತೀರಾ ಕೆಟ್ಟ ವರ್ಷದ ಮುಂದಿನ ವರ್ಷ ಸಾಮಾನ್ಯವಾಗಿ ತಾನಾಗಿಯೇ ಸ್ವಲ್ಪ ಇಳಿಯುತ್ತದೆ. ಅಷ್ಟರಲ್ಲಿ ಯಾರಾದರೂ ಕ್ಯಾಮೆರಾ ಹಾಕಿಸಿದ್ದರೆ ಇಳಿಸಿದ ಹೆಸರು ಕ್ಯಾಮೆರಾಕ್ಕೆ ಹೋಗುತ್ತದೆ.

ಊರಿನ ತಲೆ ಎಣಿಕೆ

ಈಗ ಬೆಳವಣಿಗೆಯ ಮಾತು. ಒಂದು ಊರಿನಲ್ಲಿ 20,000 ಜನ ಇದ್ದರು, ವರ್ಷಕ್ಕೆ 10 ಗಂಭೀರ ಹಲ್ಲೆ. ಈಗ ಜನ 32,000, ಹಲ್ಲೆ 14. ಠಾಣೆಯ ಲೆಕ್ಕದಲ್ಲಿ ಅದು ಶೇಕಡ 40ರ ಏರಿಕೆ. ಲಕ್ಷಕ್ಕೆ ಎಷ್ಟು ಅಂತ ನೋಡಿ: ಆಗ 50, ಈಗ 44ಕ್ಕಿಂತ ಸ್ವಲ್ಪ ಕಡಿಮೆ. ಒಬ್ಬ ಮನುಷ್ಯನಿಗೆ ಇರುವ ಅಪಾಯ ಜಾಸ್ತಿ ಆಗಿಲ್ಲ. ಊರು ದೊಡ್ಡದಾಗಿದೆ, ಅಷ್ಟೇ.

ಹಾಗಂತ ಆ ನಾಲ್ಕು ಜಾಸ್ತಿ ಹಲ್ಲೆಗಳು ಸುಳ್ಳಲ್ಲ. ನಾಲ್ಕು ಮನೆಗಳ ನೋವು ಅದು. ಠಾಣೆಯಲ್ಲಿ ಅಷ್ಟೇ ಸಿಬ್ಬಂದಿ ಇದ್ದರೆ ಅವರ ಮೇಲಿನ ಹೊರೆ ನಿಜವಾಗಿಯೂ ಏರಿದೆ. ಸಿಬ್ಬಂದಿ ಕೇಳುವಾಗ ಒಟ್ಟು ಸಂಖ್ಯೆ ಇಟ್ಟುಕೊಂಡು ಮಾತಾಡಿ. ಮಗಳನ್ನು ಹೊರಗೆ ಕಳಿಸಬಹುದಾ ಅಂತ ಯೋಚಿಸುವಾಗ ಲಕ್ಷಕ್ಕೆ ಇಷ್ಟು ಅನ್ನುವ ದರ ನೋಡಿ.

ಜನಸಂಖ್ಯೆಯೇ ದೊಡ್ಡ ತಲೆನೋವು. ಜನಗಣತಿ 10 ವರ್ಷಕ್ಕೊಮ್ಮೆ ಬರುತ್ತದೆ, ಕೆಲವು ಸಲ ಅದೂ ಇಲ್ಲ. ಭಾರತದಲ್ಲಿ 2011ರ ನಂತರ 2021ಕ್ಕೆ ಆಗಬೇಕಿದ್ದ ಗಣತಿ ಮುಂದಕ್ಕೆ ಹೋಯಿತು. ವೇಗವಾಗಿ ಬೆಳೆದ ಊರಿಗೆ ಹಳೇ ಜನಸಂಖ್ಯೆ ಹಾಕಿ ಭಾಗಿಸಿದರೆ ದರ ಸುಮ್ನೆ ಉಬ್ಬುತ್ತದೆ. ಇಂಥ ಕಡೆ ನಾನು ಬೇರೆ ದಾರಿ ಹಿಡಿಯುತ್ತೇನೆ. ಶಾಲೆಗಳ ದಾಖಲಾತಿ, ವಿದ್ಯುತ್ ಸಂಪರ್ಕ, ನೀರಿನ ಸಂಪರ್ಕ, ಮತದಾರರ ಪಟ್ಟಿ, ಇವುಗಳಲ್ಲಿ ಎರಡು ಮೂರನ್ನು ವರ್ಷವಾರು ನೋಡುತ್ತೇನೆ. ಎಲ್ಲವೂ ಸುಮಾರು ಒಂದೂವರೆ ಪಟ್ಟು ಆಗಿದ್ದರೆ ಜನವೂ ಹೆಚ್ಚು ಕಡಿಮೆ ಅಷ್ಟೇ ಆಗಿರುತ್ತಾರೆ. ಕೆಲಸಕ್ಕೆ ಅಂತ ಹಗಲು ಬಂದು ಸಂಜೆ ಹೋಗುವವರು, ಶೆಡ್ಡುಗಳಲ್ಲಿ ಇರುವ ಕಾರ್ಮಿಕರು ಈ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅವರಿಗೆ ಪೆಟ್ಟು ಬಿದ್ದರೆ ಮಾತ್ರ ಹಲ್ಲೆಯ ಲೆಕ್ಕಕ್ಕೆ ಬರುತ್ತಾರೆ. ಇದನ್ನು ಪುಟದ ಬದಿಯಲ್ಲಿ ಬರೆದಿಟ್ಟುಕೊಳ್ಳಿ.

ಹಿಂದಿನ ಅಳತೆಗೋಲನ್ನೂ ಇದನ್ನೂ ಸೇರಿಸಿ ಒಂದು ಲೆಕ್ಕ ಮಾಡೋಣ. ಹಿಂದಿನ ಮೂರು ವರ್ಷದಲ್ಲಿ 18 ಹಲ್ಲೆ, ಈಚಿನ ಮೂರು ವರ್ಷದಲ್ಲಿ 39. ವ್ಯತ್ಯಾಸ 21. ಒಟ್ಟು 57ರ ವರ್ಗಮೂಲ ಏಳೂವರೆ, ಎರಡು ಪಟ್ಟು 15. ವ್ಯತ್ಯಾಸ ಅದನ್ನು ದಾಟಿತು. ಅಂದರೆ ಸಂಖ್ಯೆ ನಿಜವಾಗಿ ಏರಿದೆ, ದಾಳದ ಆಟ ಅಲ್ಲ. ಈಗ ಜನ ಒಂದೂವರೆ ಪಟ್ಟು ಆಗಿದ್ದಾರೆ ಅನ್ನಿ. ಹಾಗಿದ್ದರೆ 57ನ್ನು ಎರಡಕ್ಕೆ ಮೂರರಂತೆ ಹಂಚಬೇಕು. ಸುಮಾರು 23 ಮತ್ತು 34 ಬರುತ್ತದೆ. ನಿಮಗೆ ಸಿಕ್ಕಿದ್ದು 18 ಮತ್ತು 39. ಬರೀ ಐದರ ಅಂತರ. ದಾಳ ಇಷ್ಟು ದೂರ ಆರಾಮಾಗಿ ಹೋಗುತ್ತದೆ. ಎರಡು ಪಟ್ಟಿಗಿಂತ ಜಾಸ್ತಿ ಆದ ಹಾಗೆ ಕಂಡದ್ದು, ಜನಸಂಖ್ಯೆ ಸೇರಿಸಿದ ಮೇಲೆ ಹೆಚ್ಚು ಕಡಿಮೆ ಕರಗಿಯೇ ಹೋಯಿತು. ಇದನ್ನು ನಾನು ಮೊದಲ ಸಲ ಕೈಯಿಂದ ಮಾಡಿದಾಗ ನಂಬಲಾಗದೆ ಮೂರು ಸಲ ಮಾಡಿದ್ದೆ.

ನಾನು ಮಾಡಿದ ತಪ್ಪು

ಒಂದು ಸಭೆಯಲ್ಲಿ ಎದ್ದು ನಿಂತು ಹೇಳಿದ್ದೆ, ಹಲ್ಲೆಗಳು ಒಂದೇ ವರ್ಷದಲ್ಲಿ 11ರಿಂದ 23ಕ್ಕೆ ಏರಿವೆ ಅಂತ. ಸಂಖ್ಯೆ ಸರಿಯಾಗಿಯೇ ಇತ್ತು. ನಾನೇ ದಾಖಲೆಯಿಂದ ಬರೆದುಕೊಂಡಿದ್ದೆ. ಸಭೆ ಪೂರ್ತಿ ಗಪ್‌ಚಿಪ್ ಆಯಿತು.

ನಾನು ನೋಡದೇ ಬಿಟ್ಟಿದ್ದು ಒಂದು ಸಣ್ಣ ವಿಷಯ. ಆ ವರ್ಷದ ನಡುವೆ ಠಾಣೆಯ ಸರಹದ್ದು ಬದಲಾಗಿತ್ತು. ಪಕ್ಕದ ಠಾಣೆಗೆ ಸೇರಿದ್ದ ಎರಡು ಹೊಸ ಬಡಾವಣೆಗಳು ಇಲ್ಲಿಗೆ ಬಂದಿದ್ದವು. ಮೊದಲು ಬೇರೆ ಪುಸ್ತಕದಲ್ಲಿ ಬರೆಯುತ್ತಿದ್ದ ಕೇಸುಗಳು ಈಗ ಈ ಪುಸ್ತಕದಲ್ಲಿ ಬರೆಯಲ್ಪಟ್ಟಿದ್ದವು. ಅದನ್ನು ತೆಗೆದು ನೋಡಿದರೆ ಉಳಿದದ್ದು 13.

ನನಗೆ ಇದು ಗೊತ್ತಾಗುವಷ್ಟರಲ್ಲಿ ನಾಲ್ಕು ತಿಂಗಳು ಕಳೆದಿತ್ತು. ಅಷ್ಟರಲ್ಲಿ ಒಂದು ಕುಟುಂಬ ಬಾಡಿಗೆ ಮನೆ ಖಾಲಿ ಮಾಡಬೇಕಾಗಿತ್ತು. ಅವರು ಹೊರಗಿನಿಂದ ಬಂದವರು ಅನ್ನುವುದು ಬಿಟ್ಟರೆ ಬೇರೆ ಕಾರಣ ಇರಲಿಲ್ಲ. ಮನೆಯ ಮಾಲೀಕರು ನನ್ನ ಮಾತನ್ನೇ ಎತ್ತಿ ಹೇಳಿದ್ದರಂತೆ. ಮುಂದಿನ ಸಭೆಯಲ್ಲಿ ತಿದ್ದಿ ಹೇಳಿದೆ. ಆಗ ಕೇಳಲು ಇದ್ದವರು ಹನ್ನೆರಡು ಜನ.

ಹಾಗಾಗಿ ಯಾವ ಸಂಖ್ಯೆ ದಿಢೀರನೆ ಜಿಗಿದರೂ ಮೊದಲು ಎಣಿಸುವ ಕಡೆ ಏನಾದರೂ ಬದಲಾಯಿತಾ ಅಂತ ನೋಡಿ. ಸರಹದ್ದು, ಕಾನೂನಿನ ವ್ಯಾಖ್ಯೆ, ದೂರು ಬರೆದುಕೊಳ್ಳುವ ಪದ್ಧತಿ, ಹೊಸ ಸಾಫ್ಟ್‌ವೇರ್, ಹೊಸ ಅಧಿಕಾರಿ. ದೊಡ್ಡ ದೇಶಗಳ ಲೆಕ್ಕಗಳೇ ಇದರಿಂದ ಅಲ್ಲಾಡಿವೆ. ಅಮೆರಿಕದ ಎಫ್‌ಬಿಐ ಅತ್ಯಾಚಾರದ ವ್ಯಾಖ್ಯೆಯನ್ನು 2013ರಿಂದ ವಿಸ್ತರಿಸಿತು, ಲೆಕ್ಕ ಏರಿತು. ಅದೇ ಸಂಸ್ಥೆ 2021ರಲ್ಲಿ ಎಣಿಸುವ ಪದ್ಧತಿಯನ್ನೇ ಬದಲಿಸಿದಾಗ ನ್ಯೂಯಾರ್ಕ್, ಲಾಸ್ ಏಂಜಲಿಸ್‌ನಂಥ ನಗರಗಳ ಪೊಲೀಸರ ಲೆಕ್ಕವೇ ಆ ವರ್ಷ ಸೇರಲಿಲ್ಲ. ಭಾರತದ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಒಂದು ಕೇಸಿನಲ್ಲಿ ಹಲವು ಅಪರಾಧ ಇದ್ದರೆ ಎಲ್ಲಕ್ಕಿಂತ ಗಂಭೀರವಾದ ಒಂದನ್ನು ಮಾತ್ರ ಎಣಿಸುತ್ತದೆ. ದರೋಡೆ ಮಾಡುವಾಗ ಕೊಲೆಯಾದರೆ ಅದು ಕೊಲೆಯ ಕಾಲಂಗೆ ಹೋಗುತ್ತದೆ. ಜೊತೆಗೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದು ಸೆಕ್ಷನ್ ನಂಬರುಗಳೆಲ್ಲ ಬದಲಾದವು. ಹಳೇ ನಂಬರು ಹಿಡಿದು ಹುಡುಕಿದರೆ ಅಪರಾಧವೇ ನಿಂತುಹೋಯಿತೇನೋ ಅನ್ನಿಸುತ್ತದೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನ ಕಥೆ ನನಗೆ ತುಂಬಾ ಪಾಠ ಕಲಿಸಿತು. 2014ರಲ್ಲಿ ಪೊಲೀಸ್ ತಪಾಸಣಾ ಸಂಸ್ಥೆ ದಾಖಲೆಗಳನ್ನು ತೆರೆದು ನೋಡಿತು. ಜನ ಬಂದು ಹೇಳಿದ ಅಪರಾಧಗಳಲ್ಲಿ ಶೇಕಡ 19ರಷ್ಟನ್ನು ಬರೆದುಕೊಂಡೇ ಇರಲಿಲ್ಲ. ಹಿಂಸೆಯ ದೂರುಗಳಲ್ಲಿ ಅದು ಶೇಕಡ 33. ಆಮೇಲೆ ಸರಿಯಾಗಿ ಬರೆಯಲು ಶುರು ಮಾಡಿದರು, ದಾಖಲಾದ ಹಿಂಸೆ ಜೋರಾಗಿ ಏರಿತು. ಅಂಥ ಏರಿಕೆ ನಿಮ್ಮ ಪುಸ್ತಕದಲ್ಲಿ ಕಂಡರೆ ಅದು ಒಳ್ಳೆಯ ಸುದ್ದಿಯೂ ಆಗಿರಬಹುದು. ದೂರು ಕೊಟ್ಟರೆ ಬರೆದುಕೊಳ್ಳುತ್ತಾರೆ ಅನ್ನುವ ಧೈರ್ಯ ಜನರಿಗೆ ಬಂದಿರಬಹುದು.

ಠಾಣೆಗೆ ಬಾರದ ಗಾಯಗಳು

ಇದು ನನ್ನ ಮೇಜಿನ ವಿಷಯ. ಸ್ವಲ್ಪ ಉದ್ದ ಆಗುತ್ತದೆ.

"ಗಾಯ ಹೇಗಾಯಿತು" ಅನ್ನುವ ಕಾಲಂ ಎರಡು ಬೆರಳಷ್ಟು ಅಗಲ ಇತ್ತು. ಅದರಲ್ಲಿ ನಾನು ಅತಿ ಹೆಚ್ಚು ಬರೆದ ಶಬ್ದ "ಬಿದ್ದು". ಮೆಟ್ಟಿಲಿನಿಂದ ಬಿದ್ದು, ಬಚ್ಚಲಲ್ಲಿ ಬಿದ್ದು, ಕತ್ತಲಲ್ಲಿ ಬಿದ್ದು. ಒಬ್ಬ ಹೆಂಗಸು ಐದು ತಿಂಗಳಲ್ಲಿ ಮೂರು ಸಲ ಬಂದಳು. ಮೂರನೇ ಸಲ ಕೈ ಮುಂದೆ ಚಾಚಿ ಹೆಸರು ಹೇಳುವಾಗ ತೋಳು ಮೇಲೆ ಸರಿಯಿತು. ತೋಳಿನ ಹೊರಬದಿಯಲ್ಲಿ ನಾಲ್ಕು ನೀಲಿ ಗುರುತು, ಒಂದರ ಪಕ್ಕ ಒಂದು, ಸಮ ಅಂತರದಲ್ಲಿ. ಒಳಬದಿಯಲ್ಲಿ ಒಂದು. ಮೆಟ್ಟಿಲಿಗೆ ಬೆರಳು ಇರುವುದಿಲ್ಲ. ಅವಳ ಹಿಂದೆ ನಿಂತವನು "ಬೇಗ ಬರೀರಿ" ಅಂದ. ನಾನು "ಬಿದ್ದು" ಅಂತ ಬರೆದೆ. ಅವಳು ಹೇಳಿದ್ದು ಅದೇ, ನಾನು ಬರೆಯಬೇಕಾದದ್ದೂ ಅದೇ. ಒಳಗೆ ಹೋದ ಮೇಲೆ ನರ್ಸ್‌ಗೆ ಹೇಳಿ ಅವಳನ್ನು ಒಬ್ಬಳನ್ನೇ ಮಾತಾಡಿಸುವಂತೆ ಮಾಡಿದೆ. ಆದರೆ ಪುಸ್ತಕದಲ್ಲಿ ಇವತ್ತಿಗೂ ಅದು ಬಿದ್ದ ಗಾಯವೇ. ಠಾಣೆಯ ಲೆಕ್ಕದಲ್ಲಿ ಅದು ಸೊನ್ನೆ.

ಅಮೆರಿಕದಲ್ಲಿ 1973ರಿಂದ ಮನೆ ಮನೆಗೆ ಕೇಳಿ ಮಾಡುವ ಒಂದು ಸಮೀಕ್ಷೆ ಇದೆ. ಹಿಂಸೆಗೆ ಒಳಗಾದವರಲ್ಲಿ ಸುಮಾರು ಅರ್ಧದಷ್ಟು ಮಂದಿಯ ವಿಷಯ ಪೊಲೀಸರವರೆಗೆ ಹೋಗುವುದೇ ಇಲ್ಲ ಅಂತ ಅದು ವರ್ಷ ವರ್ಷವೂ ತೋರಿಸುತ್ತದೆ. ಹಾಗಾಗಿ ಠಾಣೆಯ ಲೆಕ್ಕದ ಪಕ್ಕದಲ್ಲಿ ಆಸ್ಪತ್ರೆಯ ಲೆಕ್ಕ ಇಡಿ.

ವೇಲ್ಸ್‌ನ ಕಾರ್ಡಿಫ್ ನಗರದಲ್ಲಿ ಇದನ್ನು ಚೆನ್ನಾಗಿ ಮಾಡಿ ತೋರಿಸಿದ್ದಾರೆ. ಜೊನಾಥನ್ ಶೆಫರ್ಡ್ ಅನ್ನುವ ಮುಖ ಮತ್ತು ದವಡೆಯ ಶಸ್ತ್ರವೈದ್ಯರು ಹೊಡೆದಾಟದಲ್ಲಿ ಮುರಿದ ದವಡೆಗಳನ್ನು ಜೋಡಿಸುತ್ತಾ ಒಂದು ವಿಷಯ ಗಮನಿಸಿದರು. ತಮ್ಮ ಹತ್ತಿರ ಬಂದವರಲ್ಲಿ ಬಹಳ ಮಂದಿಯ ಸುದ್ದಿ ಪೊಲೀಸರಿಗೆ ಗೊತ್ತೇ ಇಲ್ಲ. ಆಮೇಲೆ ಶುರುವಾದ ಪದ್ಧತಿ ತುಂಬಾ ಸರಳ. ನೋಂದಣಿ ಮೇಜಿನವರು ಮೂರು ನಾಲ್ಕು ಪ್ರಶ್ನೆ ಕೇಳುತ್ತಾರೆ. ಎಲ್ಲಿ ಹೊಡೆದರು, ಯಾವ ಹೊತ್ತಿಗೆ, ಯಾವುದರಿಂದ. ಹೆಸರು ತೆಗೆದುಹಾಕಿ ಅಷ್ಟನ್ನು ಮಾತ್ರ ಪೊಲೀಸರಿಗೂ ನಗರಾಡಳಿತಕ್ಕೂ ಕೊಡುತ್ತಾರೆ. 2011ರಲ್ಲಿ ಬಂದ ಅಧ್ಯಯನದ ಪ್ರಕಾರ, ಅಂಥದ್ದೇ ಬೇರೆ ನಗರಗಳಿಗೆ ಹೋಲಿಸಿದರೆ, ಹಿಂಸೆಯಿಂದ ಆಸ್ಪತ್ರೆಗೆ ದಾಖಲಾಗುವವರು ಅಲ್ಲಿ ಶೇಕಡ 42ರಷ್ಟು ಕಡಿಮೆ. ಇನ್ನೊಂದು ಸಂಗತಿ ಗಮನಿಸಿ. ಪೊಲೀಸ್ ದಾಖಲೆಯಲ್ಲಿ ಸಣ್ಣ ಪುಟ್ಟ ಹಲ್ಲೆಗಳು ಅಲ್ಲಿ ಏರಿದವು. ಗಂಭೀರ ಗಾಯ ಇಳಿದು ಸಣ್ಣ ಹಲ್ಲೆಯ ದಾಖಲೆ ಏರಿದರೆ, ಮೊದಲು ಕಾಣದೇ ಇದ್ದದ್ದು ಈಗ ಕಾಣುತ್ತಿದೆ ಅಂತಲೇ ನಾನು ಓದುತ್ತೇನೆ.

ನೀವು ಆಸ್ಪತ್ರೆಗೆ ಹೋಗಿ ಕೇಳಬೇಕಾದದ್ದು ಇಷ್ಟು: ತಿಂಗಳಿಗೆ ಎಷ್ಟು ಜನ ಹಲ್ಲೆಯ ಗಾಯಕ್ಕೆ ಬಂದರು, ಅವರಲ್ಲಿ ಎಷ್ಟು ಹೆಂಗಸರು, ಯಾವ ಹೊತ್ತಿಗೆ. ಹೆಸರು, ವಿಳಾಸ ಕೇಳಬೇಡಿ. ಕೊಟ್ಟರೂ ತೆಗೆದುಕೊಳ್ಳಬೇಡಿ. ಸಣ್ಣ ಊರಿನಲ್ಲಿ ವಯಸ್ಸು ಮತ್ತು ಬೀದಿ ಎರಡು ಹೇಳಿದರೆ ಸಾಕು, ಯಾರು ಅಂತ ಊರಿಗೇ ಗೊತ್ತಾಗುತ್ತದೆ. ಐದಕ್ಕಿಂತ ಕಡಿಮೆ ಇರುವ ಯಾವ ಸಂಖ್ಯೆಯನ್ನೂ ಬೀದಿ ಸಮೇತ ಹೊರಗೆ ಹಾಕಬೇಡಿ.

ಎಲ್ಲಿ, ಯಾವಾಗ, ಯಾರ ನಡುವೆ

ಊರಿನ ನಕ್ಷೆ ಒಂದನ್ನು ಗೋಡೆಗೆ ಅಂಟಿಸಿ, ಐದು ವರ್ಷದ ಘಟನೆಗಳಿಗೆ ಒಂದೊಂದು ಚುಕ್ಕಿ ಇಡಿ. ಚುಕ್ಕಿಗಳು ಊರ ತುಂಬ ಹರಡುವುದಿಲ್ಲ. ನಾಲ್ಕೈದು ಕಡೆ ಗುಂಪಾಗುತ್ತವೆ. ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಪೊಲೀಸರಿಗೆ ಬಂದ ಕರೆಗಳನ್ನು ಹೀಗೇ ಹರಡಿ ನೋಡಿದಾಗ ಅರ್ಧದಷ್ಟು ಕರೆಗಳು ಶೇಕಡ 3ರಷ್ಟು ವಿಳಾಸಗಳಿಂದ ಬಂದಿದ್ದವು. 1989ರಲ್ಲಿ ಪ್ರಕಟವಾದ ಆ ಕೆಲಸದ ನಂತರ ಎಷ್ಟೋ ನಗರಗಳಲ್ಲಿ ಅದೇ ಚಿತ್ರ ಕಂಡಿದೆ. ಸಣ್ಣ ಊರುಗಳಲ್ಲೂ ಅಷ್ಟೇ. "ಊರು ಕೆಟ್ಟುಹೋಗಿದೆ" ಅನ್ನುವ ಮಾತು ಆಮೇಲೆ "ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ರಾತ್ರಿ 10ರ ನಂತರ" ಅನ್ನುವ ಮಾತಾಗುತ್ತದೆ. ಎರಡನೆಯದಕ್ಕೆ ಏನಾದರೂ ಮಾಡಬಹುದು. ದೀಪ ಹಾಕಿಸಬಹುದು, ಆ ಹೊತ್ತಿಗೆ ಒಂದು ಗಸ್ತು ಕೇಳಬಹುದು.

ಹೊತ್ತು ನೋಡುವಾಗ ಇಡೀ ವಾರವನ್ನು ಏಳು ಸಾಲು ಮಾಡಿ, ದಿನವನ್ನು ನಾಲ್ಕು ಭಾಗ ಮಾಡಿ. ಅಷ್ಟೇ ಸಾಕು.

ಯಾರ ನಡುವೆ ಅನ್ನುವುದೇ ಎಲ್ಲಕ್ಕಿಂತ ಮುಖ್ಯ ಕಾಲಂ. ಜನ ಅದನ್ನೇ ಬಿಡುತ್ತಾರೆ. ಪರಿಚಿತರಾ, ಮನೆಯವರಾ, ಗೊತ್ತಿಲ್ಲದವರಾ? ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 4,58,000 ಜನ ಕೊಲೆಯಾದರು, ಲಕ್ಷಕ್ಕೆ ಸುಮಾರು 5.8. ಅವರಲ್ಲಿ ಹೆಂಗಸರನ್ನು ಮಾತ್ರ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಜನರನ್ನು ಕೊಂದದ್ದು ಗಂಡ, ಸಂಗಾತಿ ಅಥವಾ ಮನೆಯವರು. ಎರಡನೇ ಚಿಲಕ ಹಾಕಿಸಿದ ಮನೆಯಲ್ಲಿ ಅಪಾಯ ಚಿಲಕದ ಒಳಗೇ ಇದ್ದರೆ ಆ ಚಿಲಕ ಯಾರನ್ನು ಕಾಯುತ್ತದೆ? ಹೊಸಬರ ಕಡೆ ಬೆರಳು ತೋರಿಸುವ ಮೊದಲು ಈ ಕಾಲಂ ತುಂಬಿಸಿ. ನಾನು ತುಂಬಿಸಿದಾಗಲೆಲ್ಲ ಜಮೀನಿನ ಗಡಿ ಜಗಳ, ಅಣ್ಣತಮ್ಮಂದಿರ ಪಾಲು, ಕುಡಿದ ಗಂಡ, ಸಾಲ ಇವೇ ಮೇಲೆ ಬಂದವು. ಊರು ಬೆಳೆದರೆ ಜಮೀನಿಗೆ ಬೆಲೆ ಬರುತ್ತದೆ, ಬೆಲೆ ಬಂದರೆ ಮಲಗಿದ್ದ ಜಗಳ ಏಳುತ್ತದೆ. ಬೆಳವಣಿಗೆಗೂ ಹಿಂಸೆಗೂ ಇರುವ ಒಂದು ನಂಟು ಇಲ್ಲಿದೆ.

ನಿಜವಾಗಿಯೂ ಏರಿದ್ದರೆ

ಏರುವುದೂ ಉಂಟು. ಎಲ್ಲಾ ಏರಿಕೆಯೂ ಲೆಕ್ಕದ ತಪ್ಪು ಅಂತ ತಳ್ಳಿಹಾಕಿದರೆ ಅದು ಇನ್ನೊಂದು ಬಗೆಯ ಮೋಸ. ಅಮೆರಿಕದ ಉತ್ತರ ಡಕೋಟಾ ಮತ್ತು ಮೊಂಟಾನಾದ ಬಾಕನ್ ಪ್ರದೇಶದಲ್ಲಿ ತೈಲ ಸಿಕ್ಕು 2006ರ ನಂತರ ಜನ ನುಗ್ಗಿ ಬಂದರು. ಅಲ್ಲಿ ತಲೆ ಎಣಿಕೆ ಹಾಕಿ ಭಾಗಿಸಿದ ಮೇಲೂ ಹಿಂಸೆಯ ದರ ಏರಿತ್ತು. ವಸತಿ ಇಲ್ಲ, ಹರೆಯದ ಗಂಡಸರೇ ಜಾಸ್ತಿ, ಕೈಯಲ್ಲಿ ಹಣ, ಹಳೇ ಊರಿಗೆ ಅಂತ ಇದ್ದ ಸಣ್ಣ ಪೊಲೀಸ್ ಪಡೆ. ಎಲ್ಲಿಂದ ಬಂದರು ಅನ್ನುವುದಕ್ಕಿಂತ ಹೇಗೆ ಬದುಕಬೇಕಾಯಿತು ಅನ್ನುವುದನ್ನು ಇಲ್ಲಿ ನೋಡಬೇಕು ಅನ್ನುವುದು ನನ್ನ ನಂಬಿಕೆ.

ನಿಮ್ಮ ಏರಿಕೆಯನ್ನು ನಂಬಲು ನಾನು ಮೂರು ವಿಷಯ ಕೇಳುತ್ತೇನೆ. ಮೂರು ವರ್ಷದ ಒಟ್ಟಿನಲ್ಲಿ, ಜನಸಂಖ್ಯೆ ಸೇರಿಸಿದ ಮೇಲೂ, ಅಳತೆಗೋಲನ್ನು ದಾಟಿದೆಯಾ? ಠಾಣೆ ಮತ್ತು ಆಸ್ಪತ್ರೆ ಎರಡರ ಲೆಕ್ಕವೂ ಒಂದೇ ಕಡೆ ಹೋಗುತ್ತಿದೆಯಾ? ಸುತ್ತಲ ಊರುಗಳಲ್ಲಿ ಅದೇ ಹೊತ್ತಿಗೆ ಏನಾಯಿತು? ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. 2020ರಲ್ಲಿ ಅಮೆರಿಕದಾದ್ಯಂತ ಕೊಲೆಗಳು ಒಂದೇ ವರ್ಷದಲ್ಲಿ ಶೇಕಡ 30ರ ಹತ್ತಿರ ಏರಿದವು. ಆ ವರ್ಷ ಅಲ್ಲಿನ ಒಂದು ಸಣ್ಣ ಊರಿನವರು ಕೂತು "ನಮ್ಮ ಹೊಸ ಬಡಾವಣೆಯಿಂದಲೇ ಹೀಗಾಯಿತು" ಅಂದಿದ್ದರೆ ಅದು ಪಾಪದ ಬಡಾವಣೆಯ ಮೇಲೆ ಸುಮ್ನೆ ಹೊರೆ ಹಾಕಿದ ಹಾಗೆ.

ಹೊರಗೆ ಹೇಳುವಾಗ

ಒಂದು ಪುಟ ಮೀರಬೇಡಿ. ಶೇಕಡಾವಾರು ಒಂದನ್ನೇ ಹೇಳಬೇಡಿ, ಅದರ ಹಿಂದಿನ ಸಂಖ್ಯೆಯನ್ನೂ ಹೇಳಿ. "ಕೊಲೆ ಶೇಕಡ 100 ಏರಿದೆ" ಅನ್ನುವ ಬದಲು "ಹೋದ ವರ್ಷ ಒಂದು, ಈ ವರ್ಷ ಎರಡು" ಅನ್ನಿ. ಕೇಳುವವರಿಗೆ ಎರಡು ಸಾವಿನ ತೂಕವೂ ತಿಳಿಯುತ್ತದೆ, ಇಲ್ಲದ ಭಯವೂ ಹುಟ್ಟುವುದಿಲ್ಲ. ಸತ್ತವರ ಮನೆಯವರು ಆ ಸಭೆಯಲ್ಲಿ ಕೂತಿರಬಹುದು ಅಂತ ಎಣಿಸಿಯೇ ಮಾತಾಡಿ. ಸಣ್ಣ ಊರಿನಲ್ಲಿ ಅವರು ಕೂತೇ ಇರುತ್ತಾರೆ. "ಇದೆಲ್ಲ ಸಹಜ ಏರಿಳಿತ" ಅಂತ ಅವರ ಎದುರು ಹೇಳಬೇಡಿ. ಮೊದಲು ಸತ್ತವರ ಮಾತು ಆಡಿ, ಆಮೇಲೆ ಲೆಕ್ಕ.

ನಾನು ಈಗ ಬರೆಯುವ ಬಗೆ ಸುಮಾರು ಹೀಗಿರುತ್ತದೆ: "ಕಳೆದ ಮೂರು ವರ್ಷದಲ್ಲಿ 39 ಗಂಭೀರ ಹಲ್ಲೆಗಳು ದಾಖಲಾಗಿವೆ. ಅದರ ಹಿಂದಿನ ಮೂರು ವರ್ಷದಲ್ಲಿ 18. ಈ ನಡುವೆ ಜನ ಸುಮಾರು ಒಂದೂವರೆ ಪಟ್ಟು ಆಗಿದ್ದಾರೆ. ಅದನ್ನು ಸೇರಿಸಿದರೆ ಒಬ್ಬೊಬ್ಬರಿಗೆ ಇರುವ ಅಪಾಯ ಏರಿದೆ ಅಂತ ಹೇಳಲು ಈ ಸಂಖ್ಯೆಗಳು ಸಾಲುವುದಿಲ್ಲ. 39ರಲ್ಲಿ 16 ಒಂದೇ ರಸ್ತೆಯಲ್ಲಿ, ರಾತ್ರಿ 9ರ ನಂತರ ಆಗಿವೆ. 12 ಮನೆಯೊಳಗೆ ಆಗಿವೆ. ಆ ರಸ್ತೆಗೆ ದೀಪ ಮತ್ತು ಗಸ್ತು ಬೇಕು. ಮನೆಯೊಳಗಿನ ಹಿಂಸೆಗೆ ಆಸ್ಪತ್ರೆಯಲ್ಲೇ ಒಬ್ಬ ಆಪ್ತ ಸಮಾಲೋಚಕಿ ಬೇಕು."

ಕೆಳಗೆ ಯಾವ ಕಾಲಂ ಖಾಲಿ ಉಳಿಯಿತು ಅಂತಲೂ ಬರೆಯುತ್ತೇನೆ. ಶೆಡ್ಡುಗಳಲ್ಲಿ ಇರುವವರ ಲೆಕ್ಕ ಸಿಕ್ಕಿಲ್ಲ. ಆಸ್ಪತ್ರೆಯ ಪುಸ್ತಕದಲ್ಲಿ "ಬಿದ್ದು" ಅಂತ ಬರೆದದ್ದರಲ್ಲಿ ಎಷ್ಟು ಹಲ್ಲೆ ಅಂತ ಗೊತ್ತಿಲ್ಲ. ಆಮೇಲೆ ದಿನಾಂಕ ಹಾಕಿ, ಪುಟ ತಿರುಗಿಸಿ, ಮುಂದಿನ ವರ್ಷಕ್ಕೆ ಅದೇ ಕಾಲಂಗಳ ಗೀಟು ಎಳೆದಿಡುತ್ತೇನೆ. "ಯಾರ ನಡುವೆ" ಅನ್ನುವ ಕಾಲಂ ಮಾತ್ರ ಈಗ ನಾಲ್ಕು ಬೆರಳು ಅಗಲ.